ಮರೆವಿನ ಕಾಯಿಲೆ ಮತ್ತು ಆರೈಕೆಯ ಹೊಣೆ

ನೆನಪು, ಮಾತು, ವಿವೇಚನೆ, ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳುವ ಶಕ್ತಿ ಇವೆಲ್ಲವನ್ನೂ ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಕುಗ್ಗಿಸುತ್ತ ಹೋಗುವ ಮಿದುಳಿನ ಕಾಯಿಲೆಗಳ ಗುಂಪಿಗೆ ವೈದ್ಯಶಾಸ್ತ್ರ ಡಿಮೆನ್ಷಿಯಾ ಎಂದು ಹೆಸರಿಟ್ಟಿದೆ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಸ್ಥಿತಿಯಿದೆ ಎಂದು ಹಲವು ರಾಜ್ಯಗಳಲ್ಲಿ ನಡೆದ ಸಮೀಕ್ಷೆಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಅದೇ ಅಂದಾಜಿನ ಪ್ರಕಾರ ಈ ಪ್ರಮಾಣ ಪುರುಷರಿಗಿಂತ ಮಹಿಳೆಯರಲ್ಲಿಯೂ ನಗರಗಳಿಗಿಂತ ಹಳ್ಳಿಗಳಲ್ಲಿಯೂ ಹೆಚ್ಚು. ಇಷ್ಟು ಜನರನ್ನು ಹಗಲಿರುಳು ನೋಡಿಕೊಳ್ಳುತ್ತಿರುವವರು ಮನೆಯವರು, ಮನೆಯವರೊಳಗೂ ಹೆಚ್ಚಾಗಿ ಹೆಂಡತಿ, ಸೊಸೆ ಅಥವಾ ಮಗಳು. ಈ ಏರ್ಪಾಡನ್ನು ಕುಟುಂಬಧರ್ಮವೆಂದು ಹೊಗಳುವುದು ಸುಲಭ, ಆ ಹೊಗಳಿಕೆಯಲ್ಲಿ ಸತ್ಯಾಂಶವೂ ಇದೆ. ಆದರೆ ಈ ಆರೈಕೆಯನ್ನು ಪ್ರೀತಿಯ ಪರೀಕ್ಷೆಯೆಂದು ಮಾತ್ರ ಕಾಣುವ ಸಮಾಜಕ್ಕೆ, ಅದು ಕಲಿತು ಮಾಡಬೇಕಾದ ಮತ್ತು ಹಲವರು ಹಂಚಿಕೊಂಡು ಮಾಡಬೇಕಾದ ಕೆಲಸವೆಂಬುದು ಕಾಣದೇ ಹೋಗುತ್ತದೆ. ಆ ಅಲಕ್ಷ್ಯದ ಬೆಲೆಯನ್ನು ಕಾಯಿಲೆಯಾದವರೂ ಅವರನ್ನು ನೋಡಿಕೊಳ್ಳುವವರೂ ಒಟ್ಟಿಗೇ ತೆರುತ್ತಾರೆ.

ಅಲಕ್ಷ್ಯದ ಮೊದಲ ರೂಪ ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸದಿರುವುದು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಲ್ಲಿ ಕನ್ನಡ ಜನಜೀವನ ವೃದ್ಧಾಪ್ಯದ ಮರೆವಿನ ಬಗ್ಗೆ ತೋರಿಸುತ್ತ ಬಂದಿರುವ ಸಹನೆ ಅಡಗಿದೆ: ಅಜ್ಜ ಕೇಳಿದ್ದನ್ನೇ ಕೇಳಿದರೆ, ಅಜ್ಜಿ ಉಂಡದ್ದನ್ನು ಮರೆತು ಊಟ ಹಾಕಲಿಲ್ಲವೆಂದು ದೂರಿದರೆ, ಅದನ್ನು ದೊಡ್ಡದು ಮಾಡದೆ ಅವರನ್ನು ಮನೆಯ ನಡುವೆಯೇ ಇಟ್ಟುಕೊಳ್ಳುವ ಔದಾರ್ಯ ಅದು. ಅದೇ ಸಹನೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂಬ ತೀರ್ಮಾನವಾಗಿ ಗಟ್ಟಿಯಾದಾಗ, ಕುಟುಂಬವು ವೈದ್ಯರ ಬಳಿಗೆ ಹೋಗುವುದೇ ಇಲ್ಲ, ಹೋದರೂ ಹಲವು ವರ್ಷ ತಡವಾಗಿ, ಅಪ್ಪ ಮನೆಯಿಂದ ಹೊರಟು ದಾರಿ ತಪ್ಪಿದ ಮೇಲೋ ರಾತ್ರಿಯೆಲ್ಲ ನಿದ್ದೆಗೆಡಿಸತೊಡಗಿದ ಮೇಲೋ ಹೋಗುತ್ತದೆ. ಈ ತಡದಿಂದಾಗುವ ನಷ್ಟ ಸಣ್ಣದಲ್ಲ. ಮರೆವು ಮತ್ತು ಗೊಂದಲಗಳಾಗಿ ಕಾಣಿಸಿಕೊಳ್ಳುವ ಸ್ಥಿತಿಗಳಲ್ಲಿ ಕೆಲವು ಚಿಕಿತ್ಸೆಗೆ ಬಗ್ಗುತ್ತವೆ: ಥೈರಾಯ್ಡ್ ಗ್ರಂಥಿಯ ಕೊರತೆ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಜೀವಸತ್ವದ ಅಭಾವ, ವೃದ್ಧರಲ್ಲಿ ಕಣ್ಣೀರಿಗಿಂತ ಮಂಕುತನವಾಗಿ ತೋರುವ ಖಿನ್ನತೆ, ನಿದ್ದೆಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆಗಳ ಪರಿಣಾಮ, ಬಚ್ಚಲಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾದ ಕೆಲ ವಾರಗಳ ನಂತರ ಮಿದುಳಿನ ಹೊದಿಕೆಯಡಿ ಸಂಗ್ರಹವಾಗುವ ರಕ್ತ, ಮಿದುಳಿನ ಕುಹರಗಳಲ್ಲಿ ದ್ರವ ತುಂಬಿಕೊಂಡು ನಡಿಗೆ, ಮೂತ್ರದ ಹಿಡಿತ ಮತ್ತು ನೆನಪು ಮೂರೂ ಕೆಡುವ ಸ್ಥಿತಿ. ಇವನ್ನು ಪತ್ತೆ ಮಾಡಲು ಬೇಕಾಗುವುದು ವಿವರವಾದ ವಿಚಾರಣೆ, ಒಂದಿಷ್ಟು ರಕ್ತಪರೀಕ್ಷೆ ಮತ್ತು ತಲೆಯ ಒಂದು ಸ್ಕ್ಯಾನ್. ಗುಣಪಡಿಸಬಹುದಾದ ತೊಂದರೆಯೊಂದನ್ನು ಅರಳುಮರಳಿನ ಲೆಕ್ಕಕ್ಕೆ ಸೇರಿಸಿ ಕೈಚೆಲ್ಲುವುದು ಆ ವೃದ್ಧರಿಗೆ ಮಾಡುವ ನೇರವಾದ ಅನ್ಯಾಯ.

ಗುಣವಾಗದ ಬಗೆಗಳಲ್ಲಿ ಅತಿ ಸಾಮಾನ್ಯವಾದದ್ದು ಆಲ್ಜೈಮರ್ ಕಾಯಿಲೆ; ಡಿಮೆನ್ಷಿಯಾದ ಶೇ 60ರಿಂದ 70ರಷ್ಟು ಪ್ರಕರಣಗಳಿಗೆ ಅದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದ್ದ ಐವತ್ತೊಂದು ವರ್ಷದ ಆಗುಸ್ಟೆ ಡೆಟರ್ ಎಂಬ ಮಹಿಳೆಯನ್ನು ಪರೀಕ್ಷಿಸಿ, ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ನರಕೋಶಗಳ ನಡುವಣ ಗಡ್ಡೆಗಳನ್ನೂ ಕೋಶಗಳೊಳಗಿನ ಎಳೆಗಳ ಸಿಕ್ಕನ್ನೂ 1906ರಲ್ಲಿ ವಿವರಿಸಿದರು. ಅದಲ್ಲದೆ ಮಿದುಳಿನ ರಕ್ತನಾಳಗಳು ಕೆಟ್ಟು ಬರುವ ಬಗೆ ಇದೆ, ಇಲ್ಲದ ಮನುಷ್ಯರು ಪ್ರಾಣಿಗಳು ಕಣ್ಣಿಗೆ ಕಾಣುವ ಮತ್ತು ಕೈಕಾಲು ಬಿಗಿಯುವ ಲೂಯಿ ಬಾಡಿ ಬಗೆ ಇದೆ, ನೆನಪಿಗಿಂತ ಮೊದಲು ಸ್ವಭಾವವನ್ನೇ ಬದಲಿಸಿಬಿಡುವ ಮುಂಭಾಗದ ಮಿದುಳಿನ ಬಗೆಯೂ ಇದೆ. ಈ ಭೇದಗಳು ಪಂಡಿತರಿಗೆ ಮಾತ್ರ ಸಂಬಂಧಿಸಿದವಲ್ಲ. ಐವತ್ತೈದರ ಗಂಡ ಇದ್ದಕ್ಕಿದ್ದಂತೆ ನಾಚಿಕೆ ಬಿಟ್ಟು ಒರಟಾಗಿ ನಡೆದುಕೊಳ್ಳತೊಡಗಿದಾಗ ಅದು ಕೆಟ್ಟತನವಲ್ಲ, ಕಾಯಿಲೆ ಎಂದು ತಿಳಿಯುವುದರ ಮೇಲೆ ಒಂದು ದಾಂಪತ್ಯದ ಅಳಿವು ಉಳಿವು ನಿಂತಿರಬಹುದು.

ಗುರುತಿಸುವ ಕೆಲಸದಲ್ಲಿ ಭಾಷೆಯ ಮತ್ತು ಶಾಲೆಯ ಪ್ರಶ್ನೆಯೂ ಸೇರಿಕೊಂಡಿದೆ. ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡ ನೆನಪಿನ ಪರೀಕ್ಷೆಗಳು ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದೋ, ಒಂದು ವಾಕ್ಯ ಬರೆಯಿರಿ ಎಂದೋ, ಇಂದಿನ ದಿನಾಂಕ ಹೇಳಿ ಎಂದೋ ಕೇಳುತ್ತವೆ. ಓದುಬರಹ ಕಲಿಯದ, ಆದರೆ ಸಂತೆಯ ಲೆಕ್ಕವನ್ನು ಬಾಯಲ್ಲೇ ತಪ್ಪಿಲ್ಲದೆ ಮಾಡುವ, ತಾರೀಖಿನ ಬದಲು ಅಮಾವಾಸ್ಯೆ, ಹಬ್ಬ, ಮಳೆನಕ್ಷತ್ರಗಳಿಂದ ಕಾಲವನ್ನು ಗುರುತಿಸುವ ರೈತ ಮಹಿಳೆಗೆ ಇಂಥ ಪರೀಕ್ಷೆ ಕೊಟ್ಟರೆ ಆಕೆಯ ಮಿದುಳು ಚೆನ್ನಾಗಿದ್ದರೂ ಅಂಕ ಕಡಿಮೆ ಬರುತ್ತದೆ. ಬಹಳ ಓದಿದವರಿಗೆ ಕಾಯಿಲೆ ಶುರುವಾಗಿದ್ದರೂ ಹಳೆಯ ಕಲಿಕೆಯ ಬಲದಿಂದ ಅಂಕ ಚೆನ್ನಾಗಿಯೇ ಬರಬಹುದು. ಈ ಕೊರತೆಯನ್ನು ನೀಗಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛವೊಂದನ್ನು ಸಿದ್ಧಪಡಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸಾವಿರಾರು ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುವ ದೀರ್ಘ ಅಧ್ಯಯನವನ್ನು ನಡೆಸುತ್ತಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆ, ನರರೋಗ ತಜ್ಞರನ್ನು ಕಾಣದ ಊರುಗಳ ಸಾಮಾನ್ಯ ವೈದ್ಯರಿಗೆ ಇಂಥ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಡುವ ದಾರಿ ಹಿಡಿದಿದೆ. ಇವು ಸರಿಯಾದ ಹೆಜ್ಜೆಗಳು. ಆದರೆ ಕಾಯಿಲೆಯ ಹೆಸರು ತಿಳಿದುಕೊಂಡು ಮನೆಗೆ ಮರಳಿದ ಕುಟುಂಬಕ್ಕೆ ಮುಂದಿನ ಎಂಟು ಹತ್ತು ವರ್ಷ ಯಾರು ಜೊತೆಗಿರುತ್ತಾರೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಪೂರ್ಣ ಉತ್ತರವಿಲ್ಲ.

ಆ ಉತ್ತರ ಔಷಧದಿಂದ ಬರುವಂತೆಯೂ ಇಲ್ಲ. 1990ರ ದಶಕದಿಂದ ಬಳಕೆಯಲ್ಲಿರುವ ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ, ಕಾಯಿಲೆಯ ನಡೆಯನ್ನು ಬದಲಿಸುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮಾನ್ಯತೆ ಪಡೆದ ಲೆಕಾನೆಮ್ಯಾಬ್ ಎಂಬ ಹೊಸ ಚುಚ್ಚುಮದ್ದು ಹದಿನೆಂಟು ತಿಂಗಳ ಪ್ರಯೋಗದಲ್ಲಿ ಕುಸಿತದ ವೇಗವನ್ನು ಶೇ 27ರಷ್ಟು ತಗ್ಗಿಸಿತು. ಅದು ಆರಂಭದ ಹಂತದವರಿಗೆ ಮಾತ್ರ ಮೀಸಲು, ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡಬೇಕು, ಮಿದುಳಿನಲ್ಲಿ ಊತ ಮತ್ತು ರಕ್ತಸ್ರಾವ ಆಗುತ್ತಿದೆಯೇ ಎಂದು ಮತ್ತೆ ಮತ್ತೆ ಎಂಆರ್‌ಐ ಮಾಡಿಸಿ ನೋಡಬೇಕು. ತಾಲ್ಲೂಕು ಆಸ್ಪತ್ರೆಯ ವ್ಯಾಪ್ತಿಯಲ್ಲಿ ಬದುಕುವ ಕುಟುಂಬಕ್ಕೆ ಇದು ಸದ್ಯಕ್ಕೆ ದೂರದ ಮಾತು. ತಡೆಗಟ್ಟುವಿಕೆಯಲ್ಲಿ ಹೆಚ್ಚು ಭರವಸೆಯಿದೆ. ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಹೆಸರಿಸಿದ ಹದಿನಾಲ್ಕು ಅಪಾಯಕಾರಿ ಅಂಶಗಳನ್ನು ಪೂರ್ತಿ ನಿವಾರಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಪ್ಪಿಸುವುದೋ ಮುಂದೂಡುವುದೋ ಸಾಧ್ಯವೆಂಬುದು ಅದರ ಲೆಕ್ಕ. ಎಳವೆಯಲ್ಲಿ ಶಿಕ್ಷಣದ ಕೊರತೆ, ನಡುವಯಸ್ಸಿನ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಒಂಟಿತನ ಆ ಪಟ್ಟಿಯಲ್ಲಿವೆ. ಹೈದರಾಬಾದಿನಲ್ಲಿ 648 ರೋಗಿಗಳನ್ನು ಕುರಿತು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ, ಅಕ್ಷರಸ್ಥರಲ್ಲದವರಲ್ಲೂ ಸಹ, ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದು, ಮನೆಯಲ್ಲೊಂದು ಬೀದಿಯಲ್ಲೊಂದು ಮಾತನಾಡುವ ಕರ್ನಾಟಕದ ಜನರಿಗೆ ಸಂತೋಷ ಕೊಡುವ ಸಂಗತಿ. ಆದರೂ ಇಂದು ಕಾಯಿಲೆಯೊಂದಿಗೆ ಬದುಕುತ್ತಿರುವವರಿಗೆ ಬೇಕಾದುದು ಆರೈಕೆ. ಅದರ ಒಳಗಿನ ಕೆಲಸವೇನೆಂಬುದನ್ನು ಹತ್ತಿರದಿಂದ ನೋಡದೆ ಯಾವ ನೀತಿಯನ್ನೂ ರೂಪಿಸಲಾಗದು.

ಡಿಮೆನ್ಷಿಯಾ ಇರುವವರಲ್ಲಿ ಹೊಸ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಬಹುಕಾಲ ಉಳಿಯುತ್ತವೆ; ಭಾವನೆಗಳಂತೂ ನೆನಪಿಗಿಂತ ಹೆಚ್ಚು ಕಾಲ ಬಾಳುತ್ತವೆ. ಬೆಳಿಗ್ಗೆ ಯಾರು ಗದರಿದರು, ಯಾಕೆ ಗದರಿದರು ಎಂಬುದು ಹತ್ತು ನಿಮಿಷದಲ್ಲಿ ಮರೆತುಹೋದರೂ ಗದರಿಕೆ ಉಳಿಸಿದ ಭಯ ಮತ್ತು ಅವಮಾನ ಮಧ್ಯಾಹ್ನದವರೆಗೂ ಮೈಯಲ್ಲಿ ಉಳಿದಿರುತ್ತವೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಕಾಯಿಲೆಯಾದವರ ಅವನತಿಗೆ ಮಿದುಳಿನ ಹಾನಿಯೊಂದೇ ಕಾರಣವಲ್ಲ, ಅವರ ಎದುರಿಗೇ ಅವರಿಲ್ಲದಂತೆ ಮಾತನಾಡುವುದು, ಮಕ್ಕಳಂತೆ ನಡೆಸಿಕೊಳ್ಳುವುದು, ಅವರಿಗೆ ಹಿಡಿಯಲಾಗದ ವೇಗದಲ್ಲಿ ಎಲ್ಲವನ್ನೂ ಮಾಡಿ ಮುಗಿಸುವುದು, ಇಂಥ ನಡವಳಿಕೆಗಳೂ ಅವರೊಳಗಿನ ವ್ಯಕ್ತಿಯನ್ನು ಕುಗ್ಗಿಸುತ್ತವೆ. ಈ ಮಾತನ್ನು ಒಪ್ಪಿದರೆ ಆರೈಕೆಯ ಅರ್ಥವೇ ಬದಲಾಗುತ್ತದೆ, ಏಕೆಂದರೆ ಉಣಿಸಿ, ತೊಳೆದು, ಮಲಗಿಸುವ ಪ್ರತಿ ಕ್ರಿಯೆಯೂ ಆಗ ಒಬ್ಬ ವ್ಯಕ್ತಿಯನ್ನು ಉಳಿಸುವ ಅಥವಾ ಅಳಿಸುವ ಕ್ರಿಯೆಯಾಗುತ್ತದೆ.

ಸ್ನಾನವನ್ನೇ ತೆಗೆದುಕೊಳ್ಳಬಹುದು. ಕಾಯಿಲೆಯ ನಡುಹಂತದಲ್ಲಿ ಮನೆಗಳಲ್ಲಿ ಅತಿ ಹೆಚ್ಚು ಜಗಳ ಹುಟ್ಟುವ ಹೊತ್ತು ಅದು. ನೀರಿನ ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯದ, ತನ್ನ ಸೀರೆಯನ್ನು ಬಿಚ್ಚುತ್ತಿರುವ ಹೆಂಗಸು ಸೊಸೆಯೆಂದು ಗುರುತು ಹತ್ತದ ವೃದ್ಧೆಯ ತಲೆಯ ಮೇಲೆ ವಾಡಿಕೆಯಂತೆ ಒಂದು ಚೊಂಬು ನೀರು ಸುರಿದಾಗ ಆಕೆ ಕಿರುಚುತ್ತಾಳೆ, ಹೊಡೆಯುತ್ತಾಳೆ, ಒದ್ದೆ ನೆಲದಲ್ಲಿ ಎದ್ದು ಓಡಲು ನೋಡುತ್ತಾಳೆ. ಹೊರಗೆ ಕಾದಿರುವವರಿಗೆ ಇದು ಹಟವೆಂದೋ ಹುಚ್ಚೆಂದೋ ತೋರುತ್ತದೆ. ಕಲಿತವರು ಇದೇ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ: ಬಚ್ಚಲನ್ನು ಮೊದಲೇ ಬೆಚ್ಚಗೆ ಮಾಡಿ, ದೀಪ ಹಾಕಿ, ಕೂರಲು ಗಟ್ಟಿಯಾದ ಕುರ್ಚಿ ಇಟ್ಟು, ಹೆಗಲ ಮೇಲೊಂದು ಟವೆಲ್ ಹೊದಿಸಿ ಮಾನ ಕಾಯ್ದು, ನೀರು ಹದವಾಗಿದೆಯೇ ಎಂದು ಆಕೆಯ ಬೆರಳಿಂದಲೇ ಮುಟ್ಟಿಸಿ, ಪಾದದಿಂದ ಶುರುಮಾಡಿ ಮೆಲ್ಲಗೆ ಮೇಲಕ್ಕೆ ಬಂದು, ತಲೆಸ್ನಾನವನ್ನು ಇನ್ನೊಂದು ದಿನಕ್ಕೆ ಬಿಟ್ಟು, ಮಾಡುವುದನ್ನೆಲ್ಲ ಒಂದೊಂದು ಸಣ್ಣ ಮಾತಿನಲ್ಲಿ ಹೇಳುತ್ತ ಹೋಗುತ್ತಾರೆ. ಪ್ರೀತಿ ಎರಡೂ ಕಡೆ ಒಂದೇ ಪ್ರಮಾಣದಲ್ಲಿರಬಹುದು; ಮೊದಲನೆಯ ಮನೆಯಲ್ಲಿ ಇಲ್ಲದ್ದು ತಿಳಿವಳಿಕೆ, ಮತ್ತು ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಸಂಜೆಯಾಗುತ್ತಲೇ ತಮ್ಮ ಸ್ವಂತ ಮನೆಯಲ್ಲೇ ಕುಳಿತು ಮನೆಗೆ ಹೋಗಬೇಕು ಎಂದು ಹಟ ಹಿಡಿಯುವವರ ವಿಷಯವೂ ಹೀಗೆಯೇ. ಇದೇ ನಿಮ್ಮ ಮನೆ ಎಂದು ಎಷ್ಟು ಬಾರಿ ಹೇಳಿದರೂ ವಾದ ಬೆಳೆಯುತ್ತದೆಯೇ ಹೊರತು ತಳಮಳ ತಗ್ಗುವುದಿಲ್ಲ, ಏಕೆಂದರೆ ಅವರು ಕೇಳುತ್ತಿರುವುದು ಬಾಲ್ಯದ ಊರನ್ನೋ, ಅಮ್ಮನನ್ನೋ, ಎಲ್ಲವೂ ಗೊತ್ತಿದ್ದ ಕಾಲದ ನೆಮ್ಮದಿಯನ್ನೋ. ಆ ಮನೆಯ ಬಗ್ಗೆಯೇ ಕೇಳುವುದು, ಹಿತ್ತಲಲ್ಲಿ ಏನೇನು ಗಿಡ ಇದ್ದವೆಂದು ಮಾತಿಗೆಳೆಯುವುದು, ಅಂಗಳದಲ್ಲಿ ನಾಲ್ಕು ಸುತ್ತು ಜೊತೆಯಲ್ಲಿ ನಡೆದು ಬರುವುದು ಹೆಚ್ಚು ಫಲ ಕೊಡುತ್ತವೆ. ಎಲ್ಲೋ ಇಟ್ಟು ಮರೆತ ಬಳೆಯನ್ನು ಸೊಸೆ ಕದ್ದಳೆಂದು ಅತ್ತೆ ನೆಂಟರ ಮುಂದೆ ಹೇಳುವುದು ಇನ್ನೂ ನೋಯಿಸುವ ಸಂಗತಿ. ಅದು ನೆನಪಿನಲ್ಲಿ ಬಿದ್ದ ಕಂಡಿಯನ್ನು ಮಿದುಳು ತನಗೆ ತೋಚಿದ ಕಾರಣದಿಂದ ಮುಚ್ಚಿಕೊಳ್ಳುವ ರೀತಿ ಎಂದು ಗೊತ್ತಿದ್ದರೆ ಸೊಸೆಗೂ ನೆಂಟರಿಗೂ ಆ ಮಾತನ್ನು ತಾಳಿಕೊಳ್ಳುವ ಶಕ್ತಿ ಬರುತ್ತದೆ, ಗೊತ್ತಿರದಿದ್ದರೆ ಆ ಮನೆಯಲ್ಲಿ ಇಪ್ಪತ್ತು ವರ್ಷದ ಸಂಬಂಧ ಮುರಿಯುತ್ತದೆ. ಕಳೆದುಹೋಗುವ ಭಯವನ್ನು 2016ರ ಗೋಧಿ ಬಣ್ಣ ಸಾಧಾರಣ ಮೈಕಟ್ಟು ಚಿತ್ರ ಕನ್ನಡದ ಪ್ರೇಕ್ಷಕರಿಗೆ ಮುಟ್ಟಿಸಿತು. ಅನಂತ್ ನಾಗ್ ಅಭಿನಯಿಸಿದ ವೆಂಕೋಬ ರಾವ್ ಪಾತ್ರ, ಕಾಯಿಲೆಯಾದವರಿಗೂ ಒಂದು ಪೂರ್ಣ ಬದುಕು, ಪ್ರೀತಿ, ಹಾಸ್ಯ ಇತ್ತೆಂಬುದನ್ನು ಮರಳಿ ಕಾಣಿಸಿದ್ದು ಆ ಚಿತ್ರದ ದೊಡ್ಡ ಗುಣ. ಚಿತ್ರದಲ್ಲಿ ಹುಡುಕಾಟಕ್ಕೆ ಹೊರಡುವವನು ಮಗ. ಊರಿನ ಹೆಚ್ಚಿನ ಮನೆಗಳಲ್ಲಿ ಚಿಲಕ ಹಾಕಿದೆಯೇ ಎಂದು ರಾತ್ರಿ ಮೂರು ಬಾರಿ ಎದ್ದು ನೋಡುವವರು ಹೆಂಗಸರು.

ಈ ಹೆಂಗಸರ ಮೇಲಿನ ಹೊರೆಯನ್ನು ಇನ್ನಷ್ಟು ಭಾರ ಮಾಡುವುದು ಸುತ್ತಲಿನವರ ತೀರ್ಪು. ಮಾನವಶಾಸ್ತ್ರಜ್ಞ ಲಾರೆನ್ಸ್ ಕೊಹೆನ್ ವಾರಾಣಸಿಯಲ್ಲಿ ನಡೆಸಿದ ಅಧ್ಯಯನವನ್ನು ಆಧರಿಸಿ 1998ರಲ್ಲಿ ಬರೆದ ಗ್ರಂಥದಲ್ಲಿ, ವೃದ್ಧರ ಬುದ್ಧಿ ಕೆಟ್ಟಿತೆಂದರೆ ಅದನ್ನು ಮಕ್ಕಳು ಸರಿಯಾಗಿ ಸೇವೆ ಮಾಡದ ಕೆಟ್ಟ ಕುಟುಂಬದ ಗುರುತೆಂದು ಜನ ಓದುವ ರೀತಿಯನ್ನು ತೋರಿಸಿದ್ದಾರೆ. ಕರ್ನಾಟಕದ ಊರುಗಳಲ್ಲೂ ಈ ದೃಷ್ಟಿ ಅಪರಿಚಿತವೇನಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವ ಮಗ ಅಥವಾ ಮಗಳ ಮುಂದೆ ತಾಯಿ ಎರಡು ದಿನ ಚೆನ್ನಾಗಿಯೇ ಮಾತನಾಡುತ್ತಾರೆ, ಅಪರೂಪದವರ ಎದುರು ಹೀಗೆ ಚೇತರಿಸಿಕೊಂಡು ನಡೆದುಕೊಳ್ಳುವುದು ಈ ಕಾಯಿಲೆಯ ಆರಂಭದಲ್ಲಿ ಸಾಮಾನ್ಯ. ಅದನ್ನು ನೋಡಿದವರು ಅಮ್ಮನಿಗೆ ಏನೂ ಆಗಿಲ್ಲ, ನೋಡಿಕೊಳ್ಳುವವರಿಗೇ ತಾಳ್ಮೆಯಿಲ್ಲ ಎಂದು ಹೇಳಿ ಹೊರಡುತ್ತಾರೆ. ಉಳಿದ ದಿನಗಳ ನಿದ್ದೆಗೇಡು, ಬೆನ್ನುನೋವು, ಬಿಟ್ಟ ಕೆಲಸ, ಮುಂದೂಡಿದ ಸ್ವಂತ ಚಿಕಿತ್ಸೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇವರಿಗೆ ನೀನು ಪುಣ್ಯವಂತೆ ಎಂಬ ಮೆಚ್ಚುಗೆ ಸಿಗುತ್ತದೆ, ಒಂದು ಮಧ್ಯಾಹ್ನದ ಬಿಡುವು ಸಿಗುವುದಿಲ್ಲ. ಕರ್ತವ್ಯವೆಂಬ ಹೊಗಳಿಕೆ ಇಲ್ಲಿ ಸಹಾಯದ ಸ್ಥಾನವನ್ನು ಆಕ್ರಮಿಸಿ ಕುಳಿತಿದೆ ಎಂದರೆ ಅತಿಶಯವಾಗದು.

ಸಹಾಯ ದೊಡ್ಡ ವೆಚ್ಚದ್ದೇ ಆಗಬೇಕಾಗಿಲ್ಲವೆಂಬುದಕ್ಕೆ ನೆರೆಯ ಗೋವಾದಲ್ಲಿ ಪುರಾವೆಯಿದೆ. ಅಲ್ಲಿ ಅಮಿತ್ ಡಯಾಸ್ ಮತ್ತು ಸಂಗಡಿಗರು 81 ಕುಟುಂಬಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಆರು ತಿಂಗಳ ಕಾಲ ಮನೆಗೇ ಹೋಗಿ ಕಾಯಿಲೆಯನ್ನು ವಿವರಿಸಿದರು, ಕಷ್ಟದ ನಡವಳಿಕೆಗಳನ್ನು ನಿಭಾಯಿಸುವ ಬಗೆ ಹೇಳಿಕೊಟ್ಟರು, ಸಿಗಬಹುದಾದ ಸರ್ಕಾರಿ ಸೌಲಭ್ಯಗಳ ದಾರಿ ತೋರಿಸಿದರು, ಅಗತ್ಯ ಬಿದ್ದಲ್ಲಿ ವೈದ್ಯರನ್ನು ಸೇರಿಸಿಕೊಂಡರು. ಅರ್ಧದಷ್ಟು ಕುಟುಂಬಗಳಿಗೆ ಈ ನೆರವು ಮೊದಲೇ ದೊರೆಯಿತು, ಉಳಿದವು ಕಾಯ್ದವು. ಹೋಲಿಸಿ ನೋಡಿದಾಗ ನೆರವು ಪಡೆದ ಮನೆಗಳಲ್ಲಿ ಆರೈಕೆದಾರರ ಮಾನಸಿಕ ಆರೋಗ್ಯ ಗಮನಾರ್ಹವಾಗಿ ಸುಧಾರಿಸಿತ್ತು, ರೋಗಿಯ ನಡವಳಿಕೆಯಿಂದಾಗುವ ಸಂಕಟ ತಗ್ಗಿತ್ತು. ಆ ಸಲಹೆಗಾರರು ಮನೆಬಾಗಿಲಿಗೆ ಬಂದದ್ದು ಮುಖ್ಯ, ಏಕೆಂದರೆ ರೋಗಿಯನ್ನು ಬಿಟ್ಟು ಹೊರಗೆ ಹೋಗಲಾಗದವರಿಗೆ ಆಸ್ಪತ್ರೆಯ ತರಬೇತಿ ಶಿಬಿರ ಎಷ್ಟು ಒಳ್ಳೆಯದಿದ್ದರೂ ಕೈಗೆಟುಕುವುದಿಲ್ಲ. ಕರ್ನಾಟಕದಲ್ಲಿ ಪ್ರತಿ ಊರಿನ ಮನೆಗಳನ್ನು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ, ರಕ್ತದೊತ್ತಡ ಸಕ್ಕರೆ ಕಾಯಿಲೆಗಳನ್ನು ಮನೆಯಲ್ಲೇ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಆರಂಭವಾಗಿದೆ. ಈ ವ್ಯವಸ್ಥೆಗೆ ಡಿಮೆನ್ಷಿಯಾದ ಆರೈಕೆಯನ್ನೂ ಸೇರಿಸಬಹುದು. ಆದರೆ ಈಗಾಗಲೇ ಗೌರವಧನದ ಹೆಸರಿನಲ್ಲಿ ಅಲ್ಪ ಸಂಭಾವನೆಗೆ ದುಡಿಯುತ್ತಿರುವ ಆಶಾ ಕಾರ್ಯಕರ್ತೆಯರ ತಲೆಗೆ ಇನ್ನೊಂದು ಕೆಲಸವನ್ನು ಸಂಬಳವಿಲ್ಲದೆ ಕಟ್ಟಿದರೆ, ಮನೆಯ ಹೆಂಗಸಿನ ಕೂಲಿಯಿಲ್ಲದ ದುಡಿಮೆಯನ್ನು ಇನ್ನೊಬ್ಬ ಹೆಂಗಸಿಗೆ ವರ್ಗಾಯಿಸಿದಂತಾಗುತ್ತದೆ ಅಷ್ಟೆ.

ನಗರಗಳಲ್ಲಿ ಹಣವುಳ್ಳವರು ಹೋಂ ನರ್ಸ್‌ಗಳನ್ನು ಇಟ್ಟುಕೊಳ್ಳುತ್ತಾರೆ. ಹೆಸರಿನಲ್ಲಿ ನರ್ಸ್ ಎಂದಿದ್ದರೂ ಇವರಲ್ಲಿ ಬಹುಪಾಲು ಮಂದಿ ಶುಶ್ರೂಷೆಯ ಶಿಕ್ಷಣ ಪಡೆದವರಲ್ಲ, ದೂರದ ಜಿಲ್ಲೆಗಳಿಂದಲೋ ಹೊರರಾಜ್ಯಗಳಿಂದಲೋ ಏಜೆನ್ಸಿಗಳ ಮೂಲಕ ಬಂದ ಯುವಕ ಯುವತಿಯರು. ಕಾಯಿಲೆ ಮುಂದುವರಿದಂತೆ ನಂತರ ಕಲಿತ ಭಾಷೆಗಳು ಮೊದಲು ಜಾರಿ, ಮನೆಮಾತು ಕೊನೆಗೆ ಉಳಿಯುವುದು ಹಲವರಲ್ಲಿ ಕಂಡುಬರುವುದರಿಂದ, ಬೆಂಗಳೂರಿನಲ್ಲಿ ಐವತ್ತು ವರ್ಷ ಇಂಗ್ಲಿಷಿನಲ್ಲಿ ಕೆಲಸ ಮಾಡಿದ ನಿವೃತ್ತ ಅಧಿಕಾರಿಯೊಬ್ಬರು ಕಡೆಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತ್ರ ನೀರು ಕೇಳುವಂತಾಗುತ್ತದೆ, ಪಕ್ಕದಲ್ಲಿರುವವರಿಗೆ ಹಿಂದಿ ಮಾತ್ರ ಗೊತ್ತಿರುತ್ತದೆ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಮಕ್ಕಳೊಂದಿಗಿರುವ ಕನ್ನಡದ ವೃದ್ಧರಿಗೆ ಅಲ್ಲಿನ ಆರೈಕೆ ಕೇಂದ್ರಗಳಲ್ಲಿ ಎದುರಾಗುವುದೂ ಇದೇ ಏಕಾಂತ. ಹಗಲಿನ ಆರೈಕೆ ಕೇಂದ್ರಗಳು, ಅಂದರೆ ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯಬಹುದಾದ ತಾಣಗಳು, ಹೋಂ ನರ್ಸ್ ಏರ್ಪಾಡಿಗಿಂತ ಉತ್ತಮ ಮಾದರಿ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್ಜೈಮರ್ ಮತ್ತು ಸಂಬಂಧಿತ ಕಾಯಿಲೆಗಳ ಸಂಘ, ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮೊದಲಾದವು ಈ ದಾರಿಯಲ್ಲಿ ದುಡಿದಿವೆ. ಆದರೆ ದೊಡ್ಡ ನಗರಗಳಾಚೆ ಇಂಥ ಸೌಕರ್ಯ ವಿರಳ, ಸಂಖ್ಯೆಯಂತೂ ಅಗತ್ಯದ ಹತ್ತಿರಕ್ಕೂ ಬಾರದು.

ಸರ್ಕಾರ ಹಣ ಕೊಡಬೇಕೇ, ಸೇವೆ ಕೊಡಬೇಕೇ ಎಂಬ ಚರ್ಚೆಗೆ ಜಪಾನಿನ ಅನುಭವ ಉಪಯುಕ್ತ. 2000ದಲ್ಲಿ ಜಾರಿಗೆ ಬಂದ ಅಲ್ಲಿನ ದೀರ್ಘಾವಧಿ ಆರೈಕೆ ವಿಮೆಗೆ ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ವೃದ್ಧರಿಗೆ ಅವರವರ ಅಗತ್ಯವನ್ನು ಅಳೆದು ಮನೆಗೆ ಬರುವ ಸಹಾಯಕರು, ಹಗಲಿನ ಕೇಂದ್ರ, ಅಲ್ಪಾವಧಿ ವಾಸ ಮೊದಲಾದ ಸೇವೆಗಳನ್ನು ಒದಗಿಸಲಾಗುತ್ತದೆ. ಕುಟುಂಬಕ್ಕೆ ನಗದು ಕೊಡುವ ಸಲಹೆಯನ್ನು ಅಲ್ಲಿನ ಮಹಿಳಾ ಸಂಘಟನೆಗಳೇ ವಿರೋಧಿಸಿದ್ದವು; ಸಣ್ಣ ಮೊತ್ತವೊಂದು ಸೊಸೆಯನ್ನು ಇನ್ನಷ್ಟು ಬಿಗಿಯಾಗಿ ಹಾಸಿಗೆಯ ಪಕ್ಕಕ್ಕೆ ಕಟ್ಟಿಹಾಕುತ್ತದೆಂಬುದು ಅವರ ಆತಂಕವಾಗಿತ್ತು. ಕೇರಳ ಆಶ್ವಾಸಕಿರಣಂ ಯೋಜನೆಯಡಿ ಹಾಸಿಗೆ ಹಿಡಿದವರ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ಕೊಡುತ್ತ ಬಂದಿದೆ; ಆರೈಕೆ ಒಂದು ದುಡಿಮೆ ಎಂಬುದನ್ನು ಸರ್ಕಾರ ಒಪ್ಪಿಕೊಂಡಿತೆಂಬ ಕಾರಣಕ್ಕೆ ಆ ಮೊತ್ತ ಗೌರವಾರ್ಹ, ಡೈಪರಿನ ಖರ್ಚಿಗೂ ಸಾಲದೆಂಬುದು ಅಷ್ಟೇ ನಿಜ. ಭಾರತದ ರಾಜ್ಯಗಳು ವಿಮೆಯ ಜಪಾನಿ ಮಾದರಿಯನ್ನು ಹಾಗೆಯೇ ತರಲಾರವು, ದುಡಿಯುವವರಲ್ಲಿ ಹೆಚ್ಚಿನವರು ಅಸಂಘಟಿತ ವಲಯದಲ್ಲಿರುವುದರಿಂದ ಕಂತು ವಸೂಲಿಯೇ ಕಷ್ಟ. ಆದರೂ ಆದ್ಯತೆ ಯಾವುದಕ್ಕಿರಬೇಕೆಂಬ ಪ್ರಶ್ನೆಯಲ್ಲಿ ಜಪಾನಿನ ಮಹಿಳೆಯರ ವಾದವೇ ಸರಿಯಾದದ್ದು: ಆರೈಕೆದಾರರಿಗೆ ಮೊದಲು ಬೇಕಾದುದು ವಾರದಲ್ಲಿ ಎರಡು ದಿನ ಬಾಗಿಲು ತೆರೆದಿರುವ, ನಂಬಿ ಬಿಟ್ಟುಹೋಗಬಹುದಾದ ಒಂದು ಜಾಗ. ತಾಲ್ಲೂಕಿಗೊಂದು ಹಗಲಿನ ಕೇಂದ್ರವನ್ನು ಈಗಿರುವ ಸರ್ಕಾರಿ ಕಟ್ಟಡಗಳಲ್ಲೇ, ಊರಿನ ಮಾತು ಬಲ್ಲ, ಸಂಬಳ ಪಡೆಯುವ ಸಿಬ್ಬಂದಿಯೊಡನೆ ಆರಂಭಿಸುವುದು ಅಸಾಧ್ಯದ ಕನಸೇನಲ್ಲ.

ಕಾನೂನಿನ ಕಡೆ ಇರುವ ಕಂದಕ ಇನ್ನೂ ಆಳವಾದದ್ದು, ಅದರ ಬಗ್ಗೆ ನಡೆಯುವ ಚರ್ಚೆ ಮಾತ್ರ ತೀರ ಕಡಿಮೆ. ತಂದೆಯ ಪಿಂಚಣಿ ಅವರ ಖಾತೆಯಲ್ಲಿದೆ, ಸಹಿ ಹಾಕುವುದನ್ನು ಅವರು ಮರೆತಿದ್ದಾರೆ, ಚಿಕಿತ್ಸೆಗೆ ಹಣ ಬೇಕು. ಇಂಥ ಸನ್ನಿವೇಶದಲ್ಲಿ ಜನ ಮೊದಲು ನೆನೆಯುವುದು ಜಿಪಿಎ ಎಂದು ಕರೆಯಲಾಗುವ ಮುಖ್ತಿಯಾರುನಾಮೆಯನ್ನು, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರವನ್ನು. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ಅಸ್ವಸ್ಥಚಿತ್ತರಾದರೆ ಆ ಅಧಿಕಾರವೇ ಕೊನೆಗೊಳ್ಳುತ್ತದೆ. ಯಾವ ಹೊತ್ತಿಗೆ ಅದು ಅತ್ಯಗತ್ಯವೋ ಆ ಹೊತ್ತಿಗೆ ಸರಿಯಾಗಿ ಪತ್ರ ನಿರುಪಯುಕ್ತವಾಗುತ್ತದೆ. ಬ್ರಿಟನ್ನಿನಂಥ ದೇಶಗಳಲ್ಲಿ ಬುದ್ಧಿಶಕ್ತಿ ಕುಂದಿದ ನಂತರವೂ ಊರ್ಜಿತವಾಗಿರುವ ಅಧಿಕಾರಪತ್ರಕ್ಕೆ ಕಾನೂನಿನ ಮಾನ್ಯತೆಯಿದೆ, ಭಾರತದಲ್ಲಿ ಇಲ್ಲ. ಮಾನಸಿಕ ಅಸ್ವಸ್ಥರ ಆಸ್ತಿ ನಿರ್ವಹಣೆಗೆ ಜಿಲ್ಲಾ ನ್ಯಾಯಾಲಯದ ಮೂಲಕ ಏರ್ಪಾಡು ಮಾಡುವ ಅವಕಾಶ 1987ರ ಕಾಯ್ದೆಯಲ್ಲಿತ್ತು. ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಹಕ್ಕುಗಳ ವಿಷಯದಲ್ಲಿ ಬಹಳ ಮುಂದುವರಿದದ್ದಾದರೂ ಆಸ್ತಿಯ ಬಗ್ಗೆ ಮೌನವಾಗಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪಾಲಕತ್ವದ ಸೌಲಭ್ಯ ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದ ಕೆಲವು ಸ್ಥಿತಿಗಳಿಗೆ ಸೀಮಿತ. ಹಾಗಾಗಿ ಹಲವು ಕುಟುಂಬಗಳು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗುತ್ತದೆ, ಅದು ಸಾಧ್ಯವಾಗದವರು ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಬಳಸಿ ಕಾನೂನಿನ ಅಂಚಿನಲ್ಲಿ ದಿನ ದೂಡುತ್ತಾರೆ. ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಆಲ್ಜೈಮರ್ ಕಾಯಿಲೆಗೆ ತುತ್ತಾದ ಮೇಲೆ, ಅವರು ಯಾರ ಬಳಿಯಿರಬೇಕು, ಯಾರು ಅವರನ್ನು ಭೇಟಿಯಾಗಬಹುದು ಎಂಬ ವಿವಾದ 2010ರಲ್ಲಿ ದೆಹಲಿ ಹೈಕೋರ್ಟಿಗೂ ಬಳಿಕ ಸುಪ್ರೀಂ ಕೋರ್ಟಿಗೂ ಹೋಯಿತು. ಕಾರ್ಮಿಕರ ಪರವಾಗಿ ದೇಶವನ್ನೇ ನಿಲ್ಲಿಸಬಲ್ಲವರಾಗಿದ್ದ ನಾಯಕರೊಬ್ಬರ ಇಚ್ಛೆ ಏನಿತ್ತೆಂಬುದನ್ನು ಅವರ ಬಾಯಿಂದಲೇ ತಿಳಿಯುವ ಕಾಲ ಅಷ್ಟರಲ್ಲಿ ಮೀರಿಹೋಗಿತ್ತು.

ಕೊನೆಯ ಹಂತದ ನಿರ್ಧಾರಗಳು ಇನ್ನೂ ಕಠಿಣ. ನುಂಗುವ ಕ್ರಿಯೆಯನ್ನೇ ಮಿದುಳು ಮರೆತಾಗ ಅನ್ನನಾಳದ ಬದಲು ಶ್ವಾಸಕೋಶಕ್ಕೆ ಆಹಾರ ಇಳಿದು ನ್ಯುಮೋನಿಯಾ ಬರುತ್ತದೆ. ಆಗ ಮೂಗಿನ ಮೂಲಕವೋ ಹೊಟ್ಟೆಗೆ ನೇರವಾಗಿಯೋ ನಳಿಕೆ ಹಾಕಬೇಕೆಂಬ ಸಲಹೆ ಬರುತ್ತದೆ. ಮುಂದುವರಿದ ಡಿಮೆನ್ಷಿಯಾದಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುವುದಿಲ್ಲ, ನ್ಯುಮೋನಿಯಾವೂ ತಪ್ಪುವುದಿಲ್ಲ, ಕಿತ್ತುಹಾಕದಂತೆ ಕೈ ಕಟ್ಟಬೇಕಾದ ಹಿಂಸೆ ಸೇರಿಕೊಳ್ಳುತ್ತದೆ ಎಂಬುದು ವೈದ್ಯಕೀಯ ತಿಳಿವಳಿಕೆ. ಒಂದೊಂದೇ ಚಮಚ ಗಂಜಿಯನ್ನು ತಾಳ್ಮೆಯಿಂದ ಕೈಯಲ್ಲೇ ಉಣಿಸಿ, ಎಷ್ಟು ಹೋಗುತ್ತದೋ ಅಷ್ಟಕ್ಕೆ ತೃಪ್ತರಾಗುವುದು ಮೇಲೆಂದು ತಜ್ಞರು ಹೇಳುತ್ತಾರೆ. ಆದರೆ ಅನ್ನ ನಿಲ್ಲಿಸಿದರು ಎಂಬ ಅಪವಾದಕ್ಕೆ ಹೆದರುವ ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಒಂಟಿಯಾಗಿ ನಿಂತು ಈ ತೀರ್ಮಾನ ಮಾಡಲಾರಳು. ಘನತೆಯಿಂದ ಸಾಯುವ ಹಕ್ಕನ್ನು ಮತ್ತು ಅದಕ್ಕಾಗಿ ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ತನ್ನ ಚಿಕಿತ್ಸೆ ಹೇಗಿರಬೇಕು, ತನ್ನ ಪರವಾಗಿ ಮಾತನಾಡುವ ಪ್ರತಿನಿಧಿ ಯಾರು ಎಂಬುದನ್ನು ಮೊದಲೇ ಬರೆದಿಡಲು ಅವಕಾಶ ಕೊಟ್ಟಿದೆ.

ಇವೆಲ್ಲ ಉಪಯೋಗಕ್ಕೆ ಬರುವುದು ನಿರ್ಧಾರ ಸಾಮರ್ಥ್ಯ, ಅಂದರೆ ವಿಷಯವನ್ನು ತಿಳಿದು, ತೂಗಿ, ತನ್ನ ಆಯ್ಕೆಯನ್ನು ಹೇಳಬಲ್ಲ ಶಕ್ತಿ, ಇನ್ನೂ ಉಳಿದಿರುವಾಗ ಮಾತ್ರ. ಕಾಯಿಲೆ ಆರಂಭದಲ್ಲೇ ಪತ್ತೆಯಾದವರಿಗೆ ಸಾಮಾನ್ಯವಾಗಿ ಒಂದೆರಡು ವರ್ಷವಾದರೂ ಆ ಶಕ್ತಿ ಇರುತ್ತದೆ. ಅಪ್ಪನಿಗೆ ಗಾಬರಿಯಾಗುತ್ತದೆ ಎಂದು ಕಾಯಿಲೆಯ ಹೆಸರನ್ನು ಅವರಿಂದಲೇ ಮುಚ್ಚಿಡುವ, ವೈದ್ಯರಿಗೂ ಹೇಳಬೇಡಿರೆಂದು ಕಣ್ಸನ್ನೆ ಮಾಡುವ ರೂಢಿ ಕರುಣೆಯಿಂದ ಹುಟ್ಟಿದ್ದಾದರೂ ಆ ಒಂದೆರಡು ವರ್ಷವನ್ನು ಅವರಿಂದ ಕಸಿದುಕೊಳ್ಳುತ್ತದೆ. ಹೇಳಿದರೆ, ಹೊಲ ಯಾರ ಹೆಸರಿಗೆ, ಹಣ ಯಾರ ಕೈಗೆ, ಯಾವ ಮಗನ ಅಥವಾ ಮಗಳ ಮನೆಯಲ್ಲಿ ಇರುವುದು, ಕೈಲಾಗದ ಕಾಲಕ್ಕೆ ಸ್ನಾನ ಮಾಡಿಸುವವರು ಹೆಂಗಸಾಗಿರಬೇಕೇ ಗಂಡಸಾಗಿರಬೇಕೇ, ಬೆಳಗಿನ ಕಾಫಿಗೆ ಸಕ್ಕರೆ ಎಷ್ಟು, ಯಾವ ದೇವರನಾಮ ಕೇಳಿದರೆ ಮನಸ್ಸು ಹಗುರಾಗುತ್ತದೆ, ನಳಿಕೆ ಬೇಕೇ ಬೇಡವೇ, ಇವನ್ನೆಲ್ಲ ಅವರೇ ಕುಳಿತು ಹೇಳಬಹುದು, ಮನೆಯ ಯಾರಾದರೊಬ್ಬರು ಬರೆದುಕೊಳ್ಳಬಹುದು, ಸಹಿ ಮತ್ತು ಸಾಕ್ಷಿ ಬೇಕಾದ ಕಡೆ ಹಾಕಿಸಿಡಬಹುದು. ಮುಂದೆ ಎಷ್ಟೋ ವರ್ಷ ಅವರನ್ನು ನೋಡಿಕೊಳ್ಳಬೇಕಾದವರ ಕೈಯಲ್ಲಿ ಆ ಹಾಳೆಗಳಿದ್ದರೆ, ಪ್ರತಿ ಕವಲಿನಲ್ಲೂ ಊಹೆಯ ಮೇಲೆ ನಿರ್ಧರಿಸಿ ಆಮೇಲೆ ಕೊರಗುವ ಸಂಕಟದಿಂದ ಅವರು ಪಾರಾಗುತ್ತಾರೆ, ಮತ್ತು ಆರೈಕೆ ನಡೆಯುವುದು ಆರೈಕೆ ಪಡೆಯುವವರ ಮಾತಿನ ಪ್ರಕಾರವೇ ಆಗಿರುತ್ತದೆ.